ಜಲಜಾ ಆಂಟಿ ಬಡಿಸಿದ ಎಲೆ

ಜಲಜಾ ಆಂಟಿ ಯಾರನ್ನಾದರೂ ಮೊದಲ ಸಲ ಕಂಡರೆ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಅದೂ ಮಾತಾಡುವಾಗಲ್ಲ, ತಿನ್ನುವಾಗ. ಯಾವ ಕಡೆಯ ದವಡೆ ಕೆಲಸ ಮಾಡುತ್ತಿದೆ, ಯಾವ ಕಡೆಯದು ರಜೆ ಹಾಕಿದೆ, ನುಂಗುವಾಗ ಗಂಟಲು ಎಲ್ಲಿ ತಡವರಿಸುತ್ತದೆ ಎನ್ನುವುದೆಲ್ಲ ಎದುರಿನವರು ಒಂದು ಬಾಳೆಹಣ್ಣು ತಿಂದು ಮುಗಿಸುವಷ್ಟರಲ್ಲಿ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಸಿಂಗಾಪುರದ ಹೌಗಾಂಗ್‌ನ ಒಂದು ನರ್ಸಿಂಗ್ ಹೋಮ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುದುಕ ಮುದುಕಿಯರಿಗೆ ಉಣಿಸಿದ ಕೈ ಅವರದು.

ನಮ್ಮ ಮೊದಲ ಭೇಟಿ ಆದದ್ದು ನಮ್ಮ ಬ್ಲಾಕಿನ ಲಿಫ್ಟಿನಲ್ಲಿ. ಎಂಆರ್‌ಟಿ ರೈಲು ಹತ್ತಿದ ಮೇಲೆ ಏನೂ ತಿನ್ನುವಂತಿಲ್ಲವಲ್ಲ, ಹಾಗಾಗಿ ನಾನು ಒಂದು ಕೈಯಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಫೋನು ಹಿಡಿದು, ಮನೆಯ ಬೀಗದ ಕೈ ಎಲ್ಲಿಟ್ಟೆ ಎಂದು ಗಂಡನನ್ನು ವಿಚಾರಿಸಿಕೊಳ್ಳುತ್ತಾ ಇಳಿಯುತ್ತಿದ್ದೆ. ಮೂಲೆಯಲ್ಲಿ ತಿಳಿನೀಲಿ ಯೂನಿಫಾರ್ಮಿನ ಗಿಡ್ಡ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. ಫೋನು ಇಟ್ಟ ಕೂಡಲೇ, "ನಿಂದು ಎಡಗಡೆ ಹಿಂದಿನ ಹಲ್ಲು ಹಾಳಾಗಿದೆ ಅಲ್ವಾ?" ಎಂದರು.

ನನಗೆ ಹಲ್ಲಿಗಿಂತ ಕನ್ನಡ ಕೇಳಿ ಗಾಬರಿಯಾಯಿತು. "ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?" ಎಂದೆ.

"ಗಂಡನಿಗೆ ಅಷ್ಟು ಚಂದ ಬೈದದ್ದು ಕೇಳಿದೆ ಅಲ್ಲ ಮಾರಾಯ್ತಿ, ಮತ್ತೆ ಎಂತ ಗೊತ್ತಾಗ್ಲಿಕ್ಕುಂಟು?"

ಅದೇ ವಾರ ರಾಫೆಲ್ಸ್ ಪ್ಲೇಸ್‌ನ ದಂತವೈದ್ಯರು ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು. ಅಂದಿನಿಂದ ನನಗೆ ಈ ಹೆಂಗಸಿನ ಬಗ್ಗೆ ಕೆಟ್ಟ ಕುತೂಹಲ ಹುಟ್ಟಿಕೊಂಡಿತು.

ಅವರು ಮಲ್ಪೆಯ ಮೀನುಗಾರರ ಮನೆಯವರು. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಗಂಡನ ಜೊತೆ ಸಿಂಗಾಪುರಕ್ಕೆ ಬಂದವರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು, ನಮ್ಮ ಬ್ಲಾಕಿನ ಹನ್ನೆರಡನೇ ಮಹಡಿಯ ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. "ಮಕ್ಕಳಿಲ್ವಾ ಆಂಟಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ಇಲ್ಲದೆ ಎಂತ? ಮೂರು ಉಂಟು. ಹೆತ್ತದ್ದು ತಂಗಿ, ಸಾಕಿದ್ದು ನಾನು," ಎಂದರು. ಅವರ ಕಡೆ ಮನೆತನ ನಡೆಯುವುದು ತಾಯಿಯಿಂದ. ಮನೆ ಹೆಣ್ಣಿನದು, ಮನೆಯ ಹಿರಿಯ ಹೆಣ್ಣು ಎಷ್ಟೇ ದೂರವಿದ್ದರೂ ಯಜಮಾನಿಕೆ ಅವಳದು. ಆ ಯಜಮಾನಿಕೆ ಪ್ರತಿ ಸಂಜೆ ಬ್ಲಾಕಿನ ಬುಡದ ತೆರೆದ ಜಗಲಿಯಂಥ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಮೇಲೆ ನಡೆಯುತ್ತಿತ್ತು. ನೀರಿನ ಬಾಟಲಿಗೆ ಫೋನು ಒರಗಿಸಿ, ಮಲ್ಪೆಯ ಅಡುಗೆಮನೆಯನ್ನು ಇಲ್ಲಿಂದಲೇ ಆಳುತ್ತಿದ್ದರು. "ಪ್ರತಿಮಾ, ಸಾರಿನ ಪಾತ್ರೆ ತೋರಿಸು. ಅಷ್ಟು ನೀರು ಎಂತಕ್ಕೆ, ಈಜ್ಲಿಕ್ಕಾ?" ಪ್ರತಿಮಾ ತಂಗಿಯ ಹಿರಿಮಗಳು. ಅವಳ ನರ್ಸಿಂಗ್ ಓದು, ಅವಳ ತಮ್ಮನ ಬೋಟಿನ ರಿಪೇರಿ, ಕೊಟ್ಟಿಗೆಯ ಹಿಂದಿನ ತೆಂಗಿನಮರ ಕಡಿಯಬೇಕೋ ಬೇಡವೋ, ಎಲ್ಲಕ್ಕೂ ಹೌಗಾಂಗ್‌ನಿಂದ ಅಪ್ಪಣೆ ಹೋಗಬೇಕಿತ್ತು.

ಕೆಲಸದ ವಿಷಯ ಬಂದರೆ ಮಾತ್ರ ದನಿ ಇಳಿಯುತ್ತಿತ್ತು. "ಮೊದಲು ಕಾಲು ಹೋಗ್ತದೆ, ಮತ್ತೆ ಕಣ್ಣು, ಮತ್ತೆ ನೆನಪು. ನಾಲಗೆಯ ಆಸೆ ಹೋಗುದು ಎಲ್ಲಕ್ಕಿಂತ ಕೊನೆಗೆ. ಅದನ್ನು ಕೇಳದೆ ಯಾರ ಬಾಯಿಗೂ ಚಮಚ ಹಾಕ್ಬಾರ್ದು, ಗೊತ್ತುಂಟಾ?" ಎನ್ನುತ್ತಿದ್ದರು. ನಾನು ತಲೆದೂಗುತ್ತಿದ್ದೆ. ಅದು ನಮ್ಮ ಮನೆ ಬಾಗಿಲಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ನನ್ನ ಮಾವನವರು ಮೈಸೂರಿನಲ್ಲಿ ವಿಮಾ ಕಚೇರಿಯಿಂದ ನಿವೃತ್ತರಾದವರು. ಅತ್ತೆ ಹೋದ ಮೇಲೆ ನಮ್ಮ ಜೊತೆಗಿರಲು ಬಂದಿದ್ದರು. ಶಿಸ್ತು, ಸಂಧ್ಯಾವಂದನೆ, ಮಿತಭಾಷೆ. ಮದುವೆಗೆ ಮುಂಚೆ ಮೂರು ವರ್ಷ ಮಂಗಳೂರಿನಲ್ಲಿ ಕೆಲಸಕ್ಕಿದ್ದರಂತೆ. ಹೇಗಿತ್ತು ಮಾವ ಎಂದು ಕೇಳಿದರೆ "ಸೆಖೆ" ಎನ್ನುತ್ತಿದ್ದರು. ಅವರ ಮಗ, ನನ್ನ ಗಂಡ ಶ್ರೀಕಾಂತ, ಐವತ್ತು ವರ್ಷದಲ್ಲಿ ಮಂಗಳೂರಿನ ಬಗ್ಗೆ ಅಪ್ಪನ ಬಾಯಿಂದ ಕೇಳಿದ್ದು ಆ ಒಂದೇ ಶಬ್ದ.

ಇಲ್ಲಿಗೆ ಬಂದ ಎರಡನೇ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು, ಬುದ್ಧಿ ಮಾತ್ರ ನೆಟ್ಟಗಿತ್ತು. ವಿಮಾನದಲ್ಲಿ ಕರೆದೊಯ್ಯುವಂತಿರಲಿಲ್ಲ. ಎತ್ತಿ ಕೂರಿಸಲು ಇಬ್ಬರು ಬೇಕು, ನಾವಿಬ್ಬರೂ ಆಫೀಸಿನಲ್ಲಿ. ಕೊನೆಗೆ ಜಲಜಾ ಆಂಟಿಯ ಹೋಮ್‌ಗೇ ಸೇರಿಸಿದೆವು. "ಅಪ್ಪನನ್ನ ಹಾಸ್ಟೆಲ್ಲಿಗೆ ಹಾಕಿದ್ಯಂತೆ?" ಎಂದು ಮೈಸೂರಿನ ಚಿಕ್ಕಪ್ಪ ಫೋನಿನಲ್ಲಿ ಕೇಳಿದಾಗ ಶ್ರೀಕಾಂತ ಫೋನು ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ನಾನು ನನ್ನ ಪಾಲಿನ ಪ್ರಾಯಶ್ಚಿತ್ತವೆಂಬಂತೆ ಅರ್ಜಿಯ ಊಟದ ಕಾಲಮ್ಮಿನಲ್ಲಿ ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿ ಕೂಡದು ಎಂದು ಬರೆದು ಎರಡೆರಡು ಗೆರೆ ಎಳೆದೆ. ಮಂಚದ ತಲೆಯ ಹತ್ತಿರ ಹಸಿರು ಸ್ಟಿಕ್ಕರ್ ಬಿತ್ತು.

ಮಾವ ಬಾಯಿ ಮುಚ್ಚಿದರು. ನುಣ್ಣಗೆ ಅರೆದ ತರಕಾರಿ ಗಂಜಿ ಬಂದರೆ ಮುಖ ತಿರುಗಿಸುವರು. ನಾನು ಬಿಸಿಬೇಳೆಬಾತನ್ನೇ ಮಿಕ್ಸಿಗೆ ಹಾಕಿ ಒಯ್ದೆ, ಅದಕ್ಕೂ ಅದೇ ಮರ್ಯಾದೆ. ಮೂರು ವಾರಕ್ಕೆ ಕೊರಳಿನ ಎಲುಬು ಎದ್ದು ಕಾಣತೊಡಗಿತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ಬರುವ ಸೋಮವಾರದೊಳಗೆ ತಿನ್ನದಿದ್ದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಲೇಬೇಕು, ಒಮ್ಮೆ ಹಾಕಿದರೆ ತೆಗೆಯುವುದು ಕಷ್ಟ ಎಂದರು. ಟ್ಯೂಬ್ ಎಂದ ಕೂಡಲೇ ಮಾವ ಎಡಗೈಯನ್ನು ಎತ್ತಿ ಬೇಡ ಬೇಡ ಎಂದು ಆಡಿಸಿದರು. ಬಾಯಿ ಮಾತ್ರ ತೆರೆಯಲಿಲ್ಲ.

ಅದೇ ವಾರ ಜಲಜಾ ಆಂಟಿಯ ಡ್ಯೂಟಿ ಆ ವಾರ್ಡಿಗೆ ಬಿತ್ತು. ಮೂರನೇ ದಿನ ಮಧ್ಯಾಹ್ನ ನನ್ನ ಫೋನಿಗೆ ಒಂದು ಫೋಟೋ ಬಂತು. ಖಾಲಿ ಬಟ್ಟಲು. ಕೆಳಗೆ "ಫಿನಿಶ್ಡ್ ಲಾ" ಎಂದಿತ್ತು. ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ಅತ್ತುಬಿಟ್ಟೆ. ಟ್ಯೂಬಿನ ಮಾತು ಅಲ್ಲಿಗೆ ನಿಂತಿತು.

ಅತ್ತು ಮುಗಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ನನ್ನ ಬಿಸಿಬೇಳೆಬಾತಿಗೆ ತೆರೆಯದ ಬಾಯಿ ಇವರಿಗೆ ಹೇಗೆ ತೆರೆಯಿತು? "ಎಂತ ಮಾಡಿದ್ರಿ ಆಂಟಿ?" ಎಂದು ಅವರ ಧಾಟಿಯಲ್ಲೇ ಕೇಳಿದೆ. "ಎಂತ ಮಾಡ್ಲಿಕ್ಕುಂಟು? ಬಾಯಿ ತೆರೆದ್ರು, ಹಾಕಿದೆ," ಎಂದು ನಕ್ಕರು. ರಜೆ ಹಾಕಿ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋದೆ. ಮಂಚದ ಸುತ್ತ ಪರದೆ ಎಳೆದಿತ್ತು. ಒಳಗಿನಿಂದ ಗುಸುಗುಸು, ನಡುವೆ ಮಾವನದೇ ಒಂದು ನಗು. ಮದುವೆಯಾಗಿ ಬಂದಾಗಿನಿಂದ ನಾನು ಕೇಳದ ನಗು ಅದು. ಪರದೆ ಸರಿಯಿತು. ಬಟ್ಟಲು ಖಾಲಿ, ಮಾವ ಗಂಭೀರ. "ಏನು ಮಾವ ಜೋಕು?" ಎಂದರೆ ಕಿಟಕಿ ನೋಡಿದರು. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಆ ದಿನ ನನ್ನ ಮೂಗಿಗೆ ಇನ್ನೊಂದು ಬಡಿದಿತ್ತು, ಮೀನಿನ ವಾಸನೆ. ಪಕ್ಕದ ಮಂಚದಲ್ಲಿದ್ದ ಚೀನೀ ಅಜ್ಜನಿಗೆ ದಿನಾ ಮೀನಿನ ಗಂಜಿ ಬರುತ್ತಿತ್ತು. ನಾನು ನೇರ ಹೆಡ್ ನರ್ಸ್ ಹತ್ತಿರ ಹೋಗಿ, ನಮ್ಮ ಮಾವ ಸಂಪ್ರದಾಯಸ್ಥರು, ಈ ವಾಸನೆಯ ಪಕ್ಕದಲ್ಲಿ ಅವರಿಗೆ ಹಿಂಸೆ, ಬೆಡ್ ಬದಲಿಸಿ ಎಂದು ಪಟ್ಟು ಹಿಡಿದೆ. ಮಂಚ ತಳ್ಳಿಕೊಂಡು ಹೋಗುವಾಗ ಮಾವ ಎಡಗೈಯಿಂದ ಕಂಬಿಗೆ ಡಬಡಬ ಬಡಿದರು. ಸೊಸೆಯ ಮುತುವರ್ಜಿಗೆ ಮೆಚ್ಚಿದರೆಂದುಕೊಂಡು, ಅದನ್ನು ಮೈಸೂರಿನ ನೆಂಟರಿಗೆಲ್ಲ ವಿಡಿಯೋ ಕಾಲ್‌ನಲ್ಲಿ ವರ್ಣಿಸಿದೆ. ಎರಡೇ ದಿನಕ್ಕೆ ಆ ಮೂಲೆಗೆ ಗಾಳಿ ಬರುವುದಿಲ್ಲವೆಂಬ ಕಾರಣ ಹೇಳಿ ಜಲಜಾ ಆಂಟಿ ಮಂಚವನ್ನು ಮತ್ತೆ ಹಳೇ ಜಾಗಕ್ಕೆ ತಂದರು. ನನಗೆ ಕೋಪ ಬಂತು, ಆದರೆ ಮಾವ ಚೆನ್ನಾಗಿ ತಿನ್ನುತ್ತಿದ್ದರಲ್ಲ, ನುಂಗಿಕೊಂಡೆ.

ಹೀಗೆ ಎರಡು ವರ್ಷ ಬದುಕಿದರು ಮಾವ. ಕೆನ್ನೆ ತುಂಬಿಕೊಂಡು, ಟ್ಯೂಬಿಲ್ಲದೆ. ಒಂದು ಬೆಳಗ್ಗೆ ಸ್ನಾನ ಮಾಡಿಸಿಕೊಂಡು ಮಲಗಿದವರು ಏಳಲಿಲ್ಲ. ನಾವು ಓಡಿ ಹೋಗುವಷ್ಟರಲ್ಲಿ ಜಲಜಾ ಆಂಟಿ ಅವರ ತಲೆ ಬಾಚಿ, ವಿಭೂತಿ ಹಚ್ಚಿ, ಬಾಯಿ ಒರೆಸಿ ಇಟ್ಟಿದ್ದರು.

ಅದೇ ವರ್ಷ ಆಟಿ ತಿಂಗಳ ಕೊನೆಯಲ್ಲಿ ಅವರು ನಮ್ಮನ್ನು ಮನೆಗೆ ಕರೆದರು. ತುಳುನಾಡಿನಲ್ಲಿ ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಪದ್ಧತಿ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಬಡಿಸಬೇಕು. ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗಿರಬೇಕು. ಬಂದವರು ಉಂಡು ಹೋದ ಮೇಲೆ ಆ ಎಲೆಯದನ್ನು ಅವರ ಕಡೆಯವರು ಉಣ್ಣಬೇಕು. ತಾಯಿಗೆ, ಗಂಡನಿಗೆ ಇಡುವುದರ ಜೊತೆಗೆ ಹೋಮ್‌ನಲ್ಲಿ ತಮ್ಮ ಕೈಯಲ್ಲಿ ಉಂಡು ಆಯಾ ವರ್ಷ ಹೋದ ಒಬ್ಬಿಬ್ಬರಿಗೂ ಆಂಟಿ ಎಲೆ ಇಡುತ್ತಿದ್ದರು. "ನಿನ್ನ ಮಾವನಿಗೂ ಇಡ್ಬೇಕು. ಎರಡು ವರ್ಷ ಉಣಿಸಿದ್ದೇನೆ. ನಿಮಗಿಬ್ಬರಿಗೆ ಬೇರೆ ಪಾತ್ರೆಯಲ್ಲಿ ಸಾರು, ಪಲ್ಯ ಮಾಡ್ತೇನೆ," ಎಂದರು. ಅಪ್ಪನಿಗೆ ಉಣಿಸಿದ ಕೈ ಕರೆದಾಗ ಇಲ್ಲ ಎನ್ನಲು ಶ್ರೀಕಾಂತನಿಗೆ ಮನಸ್ಸಾಗಲಿಲ್ಲ.

ಸತ್ತವರು ಮನೆಗೆ ಮರಳಿ ಬರುತ್ತಾರೆಂದು ಚೀನೀಯರು ನಂಬುವ ಅವರ ಏಳನೇ ತಿಂಗಳೂ ಆ ವರ್ಷ ಆಗಲೇ ಶುರುವಾಗಿತ್ತು. ಕೆಳಗೆ ಹುಲ್ಲಿನ ಅಂಚಿನಲ್ಲಿ ಸತ್ತವರಿಗಾಗಿ ಕಾಗದ ಸುಡುವ ಹೊಗೆ. ನಾವು ಮೂವರು ಮುಚ್ಚಿದ ಬಾಗಿಲಿನ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಮುದುಕಿ ಇಣುಕಿ, "ಯುವರ್ಸ್ ಆಲ್ಸೋ ದಿಸ್ ಮಂತ್ ಕಮ್ ಬ್ಯಾಕ್ ಆ?" ಎಂದು ಕೇಳಿದರು. "ಯಾ ಯಾ, ಈಟಿಂಗ್ ನೌ," ಎಂದರು ಜಲಜಾ ಆಂಟಿ. ಮುದುಕಿ ಅರ್ಥವಾದವರಂತೆ ತಲೆಯಾಡಿಸಿ ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಹತ್ತು ನಿಮಿಷದ ಮೇಲೆ ಆಂಟಿ ಬಾಗಿಲು ತಟ್ಟಿ, ಕೆಮ್ಮಿ, ತೆರೆದರು. ನೆಲದ ಮೇಲೆ ಮೂರು ಬಾಳೆ ಎಲೆ. ಮೂರನೆಯದನ್ನು ತೋರಿಸಿ, "ಇದು ಅಪ್ಪಂದು, ಕೂತ್ಕೊಳ್ಳಿ ಮಗ," ಎಂದು ಶ್ರೀಕಾಂತನಿಗೆ ಹೇಳಿದರು. ಎಲೆಯಲ್ಲಿ ಕುಚ್ಚಲಕ್ಕಿ ಅನ್ನ, ಅದರ ಮೇಲೆ ಕೆಂಪು ಸಾರು, ಸಾರಿನಲ್ಲಿ ತಲೆಬಾಲದ ಸಮೇತ ಬೂತಾಯಿ ಮೀನು.

ಶ್ರೀಕಾಂತ ಎಲೆ ಅದಲುಬದಲಾಯಿತು ಎಂದುಕೊಂಡ. "ಆಂಟಿ, ಇದು ಬೇರೆಯವರದ್ದು ಅನ್ಸತ್ತೆ," ಎಂದ.

"ಅಲ್ಲ ಮಗ. ಅವರದ್ದೇ."

ಆಮೇಲೆ ಹೇಳಿದರು. ಆ ಮೂರನೇ ದಿನ ಮಾವ ಬಾಯಿ ತೆರೆಯದಿದ್ದಾಗ, ಇವರು ಬೇಸತ್ತು ತಮ್ಮಷ್ಟಕ್ಕೆ ತುಳುವಿನಲ್ಲಿ ಏನೋ ಗೊಣಗಿದರಂತೆ. ಮಾವ ಕಣ್ಣು ತೆರೆದು ತುಳುವಿನಲ್ಲೇ ಕೇಳಿದರಂತೆ, "ಮೀನ್ ಉಂಡಾ?" ಮೀನು ಇದೆಯಾ ಅಂತ. ಮಂಗಳೂರಿನ ಮೂರು ವರ್ಷ ಅವರು ಉಂಡದ್ದು ಒಬ್ಬ ಮೀನುಗಾರರ ಮನೆಯಲ್ಲಂತೆ. ಹೋಮ್‌ನ ಅಡುಗೆಮನೆಯಿಂದ ಒಂದೆರಡು ಟ್ರೇ ಹೆಚ್ಚಿಗೆ ಬರುತ್ತಿದ್ದವು. ಆಂಟಿ ತರಕಾರಿಯದನ್ನು ಬದಿಗಿಟ್ಟು ನುಣ್ಣಗೆ ಅರೆದ ಮೀನಿನ ಗಂಜಿ ಕೊಟ್ಟರು. "ಮಗನಿಗೆ, ಸೊಸೆಗೆ ಹೇಳ್ಬಾರ್ದು ಅಂತ ಕೈ ಹಿಡಿದು ಮಾತು ತಕ್ಕೊಂಡ್ರು. ಇರುವಷ್ಟು ದಿನ ನಾನು ಹೇಳ್ಲಿಲ್ಲ. ಆದ್ರೆ ಸತ್ತವರಿಗೆ ಸುಳ್ಳು ಬಡಿಸ್ಲಿಕ್ಕೆ ಆಗುದಿಲ್ಲ ಅಲ್ವಾ? ಅವರಿಗೆ ಬೇಕಾದ್ದು ಎಲೆಯಲ್ಲಿ ಇಲ್ಲದಿದ್ರೆ ಅವರು ಮುಟ್ಟದೆ ಹೋಗ್ತಾರೆ."

ಶ್ರೀಕಾಂತ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಅವನು ಆಡದ ಮಾತನ್ನೆಲ್ಲ ನಾನು ಆಡಿದೆ. "ನಿಮ್ಮನ್ನ ನಂಬಿದ್ವಿ ಆಂಟಿ. ಮಂಚದ ಮೇಲೆ ಸ್ಟಿಕ್ಕರ್ ಇರಲಿಲ್ವಾ? ಒಂದು ಮಾತು ನಮ್ಮನ್ನ ಕೇಳಬೇಕು ಅನ್ನಿಸಲಿಲ್ವಾ? ನಾನು ಕಂಪ್ಲೇಂಟ್ ಕೊಟ್ಟಿದ್ದರೆ ನಿಮ್ಮ ಕೆಲಸ ಅವತ್ತೇ ಹೋಗ್ತಿತ್ತು, ಗೊತ್ತಾ?" ಎಂದೆ. ಗೊತ್ತಿತ್ತು ಎಂದರು. ಬೆಡ್ ಬದಲಿಸಿದ ನನ್ನ ಪೆದ್ದುತನ ನೆನಪಾಗಿ ಇನ್ನಷ್ಟು ಉರಿಯಿತು. ಇಡೀ ವಾರ್ಡು ನನ್ನನ್ನು ನೋಡಿ ನಕ್ಕಿರಬೇಕು.

ಅವರು ವಾದ ಮಾಡಲಿಲ್ಲ. "ಉಳಿದ ಎರಡು ಎಲೆಗೆ ಹೋಮ್‌ನ ಹುಡುಗಿಯರು ಬರ್ತಾರೆ. ಮಗ ಎದ್ದು ಹೋದ ಎಲೆ ಹಾಗೇ ಬಿಡ್ಲಿಕ್ಕಿಲ್ಲ. ಅವರು ಹಸಿದುಕೊಂಡು ಹೋಗ್ಬಾರ್ದು," ಎಂದು ಮಾವನ ಎಲೆಯ ಮುಂದೆ ತಾವೇ ಕೂತರು. ಕಣ್ಣು ಎಲೆಯ ಮೇಲೇ ನೆಟ್ಟು, ನಿಧಾನವಾಗಿ ಮುಳ್ಳು ಬಿಡಿಸಿ, ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಕುಡಿಯುತ್ತಾ ಉಣ್ಣತೊಡಗಿದರು. ನಾನಿಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರೆ ಇವರಿಗೆ ಊಟವೇ ಹೆಚ್ಚಾಯಿತಲ್ಲ ಎಂದು ನನ್ನ ಸಿಟ್ಟು ನೆತ್ತಿಗೇರಿತು. ಅವರು ಉಂಡು ಏಳುವ ತನಕ ಬೈದು, ಬಾಗಿಲು ಧಡ್ ಎಂದು ಹಾಕಿಕೊಂಡು ಬಂದೆ.

ಆಮೇಲೆ ಏಳೆಂಟು ತಿಂಗಳು ಲಿಫ್ಟಿನಲ್ಲಿ ಸಿಕ್ಕರೂ ನಾನು ನಂಬರು ಏರುವುದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಮನೆಯಲ್ಲಿ ಶ್ರೀಕಾಂತ ಆ ವಿಷಯ ಎತ್ತಲಿಲ್ಲ. ಆದರೆ ಒಂದು ಭಾನುವಾರ ಅವನ ಲ್ಯಾಪ್‌ಟಾಪಿನಲ್ಲಿ ಮಂಗಳೂರಿನ ಹಳೆಯ ಬೀದಿಗಳ ಫೋಟೋಗಳು ತೆರೆದಿದ್ದನ್ನು ಕಂಡೆ. ಯಾವ ಬೀದಿ ಎಂದು ಅವನಿಗೂ ಗೊತ್ತಿರಲಿಲ್ಲ.

ಜಲಜಾ ಆಂಟಿಯ ಮಂಡಿ ಸೋತಿತು. ಕೆಲಸ ಬಿಟ್ಟು ಮಲ್ಪೆಗೆ ಹೊರಡುವ ಹಿಂದಿನ ದಿನ ಅವರೇ ನಮ್ಮ ಬಾಗಿಲಿಗೆ ಬಂದರು. "ನಾಳೆ ಹೋಗ್ತೇನೆ. ಹೇಳಿ ಹೋಗುವ ಅಂತ," ಎಂದರು. ನಾನು ಬಾಗಿಲು ಹಿಡಿದೇ ನಿಂತೆ. ಹಿಂದಿನಿಂದ ಶ್ರೀಕಾಂತ ಬಂದು, "ಬನ್ನಿ ಆಂಟಿ, ಕೂತ್ಕೊಳ್ಳಿ," ಎಂದ. ಕೂತ ಮೇಲೆ ಚಿಕ್ಕ ಹುಡುಗನ ಹಾಗೆ ಕೇಳಿದ, "ಅಪ್ಪ ನಿಮ್ಮ ಹತ್ರ ಏನೇನು ಮಾತಾಡ್ತಿದ್ರು?"

ಒಂದು ಗಂಟೆ ಹೇಳಿದರು. ಆ ಮೀನುಗಾರರ ಮನೆಯ ತಾಯಿ ಮಾವನನ್ನು "ಮಾಣಿ" ಎಂದು ಕರೆಯುತ್ತಿದ್ದುದು, ಮಾವ ಜನಿವಾರವನ್ನು ಬೆನ್ನಿಗೆ ಹಾಕಿಕೊಂಡು ಉಣ್ಣಲು ಕೂರುತ್ತಿದ್ದುದು, ಮೈಸೂರಿಗೆ ವರ್ಗವಾದ ದಿನ ಬಸ್ಸಿನಲ್ಲಿ ಘಾಟಿ ಹತ್ತುವ ತನಕ ಅತ್ತದ್ದು. "ಬೂತಾಯಿ ಅಂದ್ರೆ ಅವರಿಗೆ ಜೀವ. ನಮ್ಮ ಗಂಜಿಯ ಮೀನಿಗೆ ಇದೆಂತ ಮೀನು, ಕಾಗದ, ಅಂತ ಬೈತಿದ್ರು," ಎಂದಾಗ ಶ್ರೀಕಾಂತ ನಕ್ಕ. ನಗುತ್ತಾ ಕಣ್ಣೊರೆಸಿಕೊಂಡ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಂಟಿ, ಅವತ್ತು ನಾನು ಹಾಗೆಲ್ಲ..." ಎಂದು ಶುರುಮಾಡಿದೆ. "ಬಿಡು ಮಾರಾಯ್ತಿ. ಮನೆಯವರಲ್ಲದೆ ಯಾರು ಬೈಬೇಕು?" ಎಂದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಈ ವರ್ಷದ ಆರಂಭದಲ್ಲಿ ಪ್ರತಿಮಾ ಫೋನು ಮಾಡಿದಳು. ಎರಡು ದಿನದ ಜ್ವರ, ಮೂರನೇ ದಿನ ಆಂಟಿ ಇಲ್ಲ. ಅವರು ಉಣಿಸಿ ಕಳಿಸಿದ ಅಷ್ಟು ಮಂದಿಯ ಗುಟ್ಟುಗಳೂ ಅವರ ಜೊತೆಗೇ ಹೋದವು.

ಆಟಿ ಬಂತು. ಸಿಂಗಾಪುರದಲ್ಲಿ ಅವರಿಗೆ ಎಲೆ ಇಡುವವರು ಯಾರಿದ್ದಾರೆ, ನಾವೇ ಇಡೋಣ ಎಂದವನು ಶ್ರೀಕಾಂತ. ಜನ್ಮದಲ್ಲಿ ಮೀನಿನ ಅಂಗಡಿಯ ಮುಂದೆ ನಿಲ್ಲದವನು ವೆಟ್ ಮಾರ್ಕೆಟ್ಟಿಗೆ ಹೋಗಿ ಬೂತಾಯಿ ಯಾವ ವಾರ ಬರುತ್ತದೆ ಎಂದು ವಿಚಾರಿಸಿಕೊಂಡು ಬಂದ. ನಾನು ಸಾರಿನ ಅಳತೆ ಕೇಳಲು ಪ್ರತಿಮಾಗೆ ಫೋನು ಮಾಡಿದೆ. "ನಿಮ್ಮ ದೊಡ್ಡಮ್ಮನಿಗೆ ಬೂತಾಯಿನೇ ಇಷ್ಟನಾ, ಅಥವಾ ಬಂಗುಡೆನಾ?" ಎಂದೆ.

ಪ್ರತಿಮಾಗೆ ಆಶ್ಚರ್ಯವಾಯಿತು. "ಎಂತ ಮೀನು ಅಕ್ಕ? ದೊಡ್ಡಮ್ಮ ಮೀನು ತಿಂತಿರ್ಲಿಲ್ಲ. ಸಣ್ಣ ಇರುವಾಗ ಅವರ ಅಪ್ಪ ಕಡಲಿಗೆ ಹೋದವರು ಸಿಕ್ಕಲೇ ಇಲ್ಲ, ಹೆಣ ಕೂಡ. ಆವತ್ತಿನಿಂದ ಸಮುದ್ರದ್ದು ಎಂತದ್ದೂ ಬಾಯಿಗೆ ಹಾಕುದಿಲ್ಲ ಅಂತ ಶಪಥ. ಬೇರೆಯವರಿಗೆ ಮಾಡಿ ಹಾಕ್ತಿದ್ರು ಅಷ್ಟೆ. ಜೀವಮಾನದಲ್ಲಿ ಒಂದು ತುತ್ತು ಮುಟ್ಟಿದವರಲ್ಲ."

ಫೋನು ಇಟ್ಟು ಬಂದು ಶ್ರೀಕಾಂತನಿಗೆ ಹೇಳಿದೆ. ಅವನು ಮಾರ್ಕೆಟ್ಟಿನ ಚೀಲ ಮಡಚಿಟ್ಟ. ಆಮೇಲೆ, "ಅವತ್ತು ನಾನು ಎದ್ದು ಬಂದ ಮೇಲೆ ಅಪ್ಪನ ಎಲೆ ಏನಾಯ್ತು?" ಎಂದು ಕೇಳಿದ.

ಅದರಲ್ಲಿ ಮುಳ್ಳು ಮಾತ್ರ ಉಳಿದಿತ್ತು ಎಂದೆ.